ಗಣಕಯಂತ್ರದ ಪರದೆಯಲ್ಲಿ ಹಸ್ತಪ್ರತಿಯ ವರ್ಣ: ಪ್ರಾಮಾಣ್ಯವಿಚಾರ

ಹಸ್ತಪ್ರತಿಗಳ ಅಧ್ಯಯನವು ಕಳೆದ ಕೆಲವು ದಶಕಗಳಲ್ಲಿ ಬಹುಮಟ್ಟಿಗೆ ಭಂಡಾರದಿಂದ ವಿದ್ವಾಂಸನ ಮನೆಗೆ ಬಂದಿದೆ. ಹಿಂದೆ ಭಂಡಾರಗಳಿಗೆ ಹೋಗಿ, ಅನುಮತಿ ಪಡೆದು, ಕಟ್ಟು ಬಿಚ್ಚಿಸಿ ನೋಡಬೇಕಾಗಿದ್ದ ಅನೇಕ ಪ್ರತಿಗಳ ಛಾಯಾಚಿತ್ರಗಳು ಇಂದು ಗಣಕಯಂತ್ರದ ಪರದೆಯ ಮೇಲೆ ಲಭ್ಯವಿವೆ. ಇದರಿಂದ ಪಾಠಸಂಶೋಧನೆಗೆ ಆಗಿರುವ ಉಪಕಾರ ನಿರ್ವಿವಾದವಾದುದು. ಆದರೆ ಅಕ್ಷರವನ್ನು ಓದುವುದು ಬೇರೆ, ವರ್ಣವನ್ನು ನಿರ್ಣಯಿಸುವುದು ಬೇರೆ. ಪರದೆಯಲ್ಲಿ ಕಂಡ ವರ್ಣವನ್ನೇ ಪ್ರತಿಯ ವರ್ಣವೆಂದು ಭಾವಿಸಿ ನಿರ್ಣಯ ಹೇಳುವ ರೂಢಿಯು ಪರಿಶೀಲನೆಗೆ ಅರ್ಹವಾಗಿದೆ.

ಸಚಿತ್ರ ಜೈನ ಹಸ್ತಪ್ರತಿಗಳಲ್ಲಿ ವರ್ಣವು ಕೇವಲ ಅಲಂಕಾರವಲ್ಲ. ಪಶ್ಚಿಮ ಭಾರತದ ಕಲ್ಪಸೂತ್ರ ಪ್ರತಿಗಳಲ್ಲಿ ಮೊದಲು ಕೆಂಪು ಹಿನ್ನೆಲೆ ಪ್ರಧಾನವಾಗಿದ್ದು, 15ನೆಯ ಶತಮಾನದ ಸಂಪನ್ನ ಪ್ರತಿಗಳಲ್ಲಿ ಗಾಢ ನೀಲಿಯೂ ಸುವರ್ಣವೂ ಹೆಚ್ಚುತ್ತವೆ. ಹೀಗಾಗಿ ಹಿನ್ನೆಲೆಯ ವರ್ಣವು ಕಾಲನಿರ್ಣಯದ ಆಧಾರಗಳಲ್ಲಿ ಒಂದಾಗಿದೆ. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಓಲೆಗಳಲ್ಲಿರುವ 12ನೆಯ ಶತಮಾನದ ಚಿತ್ರಗಳ ವಿಷಯದಲ್ಲಿಯೂ, ವರ್ಣವು ಮಾಸಿದೆಯೋ ಅಥವಾ ಮೂಲತಃ ಹಾಗೆಯೇ ಇದ್ದಿತೋ ಎಂಬ ಪ್ರಶ್ನೆ ಸಂರಕ್ಷಣೆಗೂ ಕಲಾಚರಿತ್ರೆಗೂ ಸಮಾನವಾಗಿ ಮುಖ್ಯವಾದುದು. ಇಂತಹ ಪ್ರಶ್ನೆಗೆ ಮನೆಯ ಪರದೆಯನ್ನು ಸಾಕ್ಷಿಯಾಗಿ ಕರೆದಾಗ ಆ ಸಾಕ್ಷಿಯ ಯೋಗ್ಯತೆಯನ್ನು ಮೊದಲು ವಿಚಾರಿಸಬೇಕು.

ಅಂಗಡಿಯಿಂದ ತಂದ ಪರದೆಯು ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚು ಪ್ರಕಾಶದಿಂದ ಕೂಡಿದ್ದು, ಅನೇಕ ವೇಳೆ ಅದರ ಬಿಳಿಯು ನೀಲಿಯ ಕಡೆಗೆ ವಾಲಿರುತ್ತದೆ. ಕಣ್ಣಿಗೆ ಈ ದೋಷ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಅದು ಹೊಂದಿಕೊಂಡು ಆ ನೀಲಿಮಿಶ್ರಿತ ಬಿಳಿಯನ್ನೇ ಶುದ್ಧ ಬಿಳಿಯೆಂದು ಗ್ರಹಿಸುತ್ತದೆ. ರಾತ್ರಿಯ ವೇಳೆ ಪರದೆಯನ್ನು ಹಳದಿಗೊಳಿಸುವ ಸೌಕರ್ಯವು ಚಾಲನೆಯಲ್ಲಿದ್ದರೆ ಹೊಸ ಕಾಗದವೂ ಹಳೆಯದಾಗಿ ತೋರುತ್ತದೆ. ವಿಶಾಲ ವರ್ಣವ್ಯಾಪ್ತಿಯ ಪರದೆಗಳಲ್ಲಿ, ವರ್ಣನಿರ್ವಹಣೆಯಿಲ್ಲದ ತಂತ್ರಾಂಶದ ಮೂಲಕ ನೋಡಿದಾಗ, ಕೆಂಪು ಅತಿಯಾಗಿ ಉಜ್ಜ್ವಲವಾಗುತ್ತದೆ. ಛಾಯೆಗಳ ಏರಿಳಿತ ತಪ್ಪಿದರೆ ಕಂಟದಿಂದ ಕೊರೆದು ಮಸಿ ಸವರಿದ ಅಕ್ಷರದ ಸೂಕ್ಷ್ಮ ಗೆರೆಯು ಓಲೆಯ ಕಂದಿನಲ್ಲಿ ಅಡಗಿಹೋಗಬಹುದು. ಆದುದರಿಂದ 'ಕಣ್ಣಿಗೆ ಸರಿಯಾಗಿ ಕಾಣುತ್ತದೆ' ಎಂಬ ಸಮಾಧಾನಕ್ಕೆ ಪ್ರಮಾಣದ ಸ್ಥಾನವಿಲ್ಲ.

ಇದಕ್ಕೆ ಪರಿಹಾರವು ಕ್ಯಾಲಿಬ್ರೇಷನ್, ಅಂದರೆ ಪರದೆಯನ್ನು ಗೊತ್ತಾದ ಮಾನಕ್ಕೆ ಹೊಂದಿಸುವುದು. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಎಸ್‌ಆರ್‌ಜಿಬಿ ವರ್ಣವ್ಯವಸ್ಥೆಯಲ್ಲಿ ಬಿಳಿಯ ಸ್ಥಾನವು ಸುಮಾರು 6500 ಕೆಲ್ವಿನ್. ಛಾಯೆಗಳ ಏರಿಕೆಯನ್ನು ಸೂಚಿಸುವ ಗಾಮಾ ಸುಮಾರು 2.2. ಮನೆಯ ಮಂದ ಬೆಳಕಿನಲ್ಲಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಪ್ರಕಾಶ ಸಾಕಾಗುತ್ತದೆ. ಪರದೆಯನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಪ್ರಕಾಶವನ್ನು ತಾನಾಗಿ ಬದಲಿಸುವ ಸೌಕರ್ಯಗಳನ್ನು ನಿಲ್ಲಿಸಿ, ಕಿಟಕಿಯ ಬೆಳಕು ನೇರವಾಗಿ ಬೀಳದಂತೆ ಮಾಡಿ, ಕಲರಿಮೀಟರ್ ಎಂಬ ವರ್ಣಮಾಪಕವನ್ನು ಪರದೆಗೆ ತಾಗಿಸಿಡಬೇಕು. ತಂತ್ರಾಂಶವು ಒಂದೊಂದಾಗಿ ವರ್ಣಗಳನ್ನು ತೋರಿಸಿದಂತೆ ಮಾಪಕವು ಅವುಗಳನ್ನು ಅಳೆಯುತ್ತದೆ. ಕೇಳಿದ ವರ್ಣಕ್ಕೂ ಬಂದ ವರ್ಣಕ್ಕೂ ಇರುವ ಸಂಬಂಧವು ಪ್ರೊಫೈಲ್ ಎಂಬ ಕಡತದಲ್ಲಿ ದಾಖಲಾಗುತ್ತದೆ. ಪರದೆಯು ಕಾಲಕ್ರಮದಲ್ಲಿ ಬದಲಾಗುವುದರಿಂದ ತಿಂಗಳಿಗೊಮ್ಮೆ ಈ ಕ್ರಮವನ್ನು ಪುನರಾವರ್ತಿಸುವುದು ಯುಕ್ತ.

ಆದರೆ ಇಷ್ಟರಿಂದಲೇ ಸತ್ಯವು ಕೈವಶವಾಯಿತೆಂದು ತಿಳಿಯುವುದು ಇನ್ನೊಂದು ಬಗೆಯ ಭ್ರಮೆ. ಪರದೆಯು ಛಾಯಾಚಿತ್ರವನ್ನು ನಿಷ್ಠೆಯಿಂದ ತೋರಿಸಬಲ್ಲದೇ ಹೊರತು ಛಾಯಾಗ್ರಾಹಕನ ದೋಷವನ್ನು ತಿದ್ದಲಾರದು. 1976ರಿಂದ ಬಳಕೆಯಲ್ಲಿರುವ 24 ಚೌಕಗಳ ವರ್ಣಫಲಕದಂತಹ ಅಳತೆಗೋಲನ್ನು ಓಲೆಯ ಪಕ್ಕದಲ್ಲಿಟ್ಟು ಚಿತ್ರ ತೆಗೆದಿರದಿದ್ದರೆ, ದೀಪದ ಬಣ್ಣವಾವುದು, ಓಲೆಯ ಬಣ್ಣವಾವುದು ಎಂದು ಬೇರ್ಪಡಿಸಲು ನಂಬಲರ್ಹವಾದ ಆಧಾರ ಉಳಿಯುವುದಿಲ್ಲ. ಸುವರ್ಣದ ವಿಷಯವಂತೂ ಇನ್ನೂ ಕಠಿನ. ನೋಡುವ ಕೋನಕ್ಕೆ ತಕ್ಕಂತೆ ಮಿನುಗುವುದು ಅದರ ಸ್ವಭಾವ. ಪರದೆಯಲ್ಲಿ ಅದು ನಿಶ್ಚಲವಾದ ಹಳದಿ ಅಥವಾ ಕಂದು ಮಾತ್ರವಾಗುತ್ತದೆ. ಇಂಗಳೀಕ, ಸಿಂಧೂರ, ಅರಗಿನ ಕೆಂಪು ಇವು ದ್ರವ್ಯತಃ ಬೇರೆಯಾಗಿದ್ದರೂ ಮೂರು ಸಂಖ್ಯೆಗಳಿಗೆ ಇಳಿದಾಗ ಒಂದೇ ಆಗಿ ಕಾಣಬಹುದು. ವರ್ಣದ್ರವ್ಯದ ನಿರ್ಣಯಕ್ಕೆ ವರ್ಣಪಟಲದ ಪರೀಕ್ಷೆಯೇ ಬೇಕು. ಅತ್ಯುತ್ತಮವಾಗಿ ಹೊಂದಿಸಿದ ಪರದೆಯೂ ಅದರ ಬದಲಿಯಾಗದು.

ಹಾಗಾದರೆ ಪರದೆಯ ಶೋಧನೆ ವ್ಯರ್ಥವೇ? ಖಂಡಿತವಾಗಿ ಅಲ್ಲ. ಅಳತೆಗೊಳಪಡದ ಎರಡು ಪರದೆಗಳ ಮುಂದೆ ಕುಳಿತ ಇಬ್ಬರು ವಿದ್ವಾಂಸರು ಒಂದೇ ಪುಟದ ಬಗ್ಗೆ ವಾದಿಸುವಾಗ ವಾಸ್ತವವಾಗಿ ಎರಡು ಪುಟಗಳ ಬಗ್ಗೆ ವಾದಿಸುತ್ತಿರುತ್ತಾರೆ. ಕ್ಯಾಲಿಬ್ರೇಷನ್ ಅವರಿಗೆ ಒಂದು ಸಮಾನ ಪಾಠವನ್ನು ಒದಗಿಸುತ್ತದೆ. ಗ್ರಂಥಸಂಪಾದಕನು ಪಾಠವೊಂದನ್ನು ಸ್ವೀಕರಿಸುವಾಗ ಅದು ಯಾವ ಪ್ರತಿಯದೆಂದು ಸೂಚಿಸುವುದು ಶಾಸ್ತ್ರಸಮ್ಮತ ಪದ್ಧತಿ. ವರ್ಣದ ವಿಷಯದಲ್ಲಿಯೂ ಅದೇ ಶಿಸ್ತು ಪಾಲಿಸಲ್ಪಡಬೇಕು. ಮೂಲಪ್ರತಿಯನ್ನೇ ನೋಡಿದ್ದೇ, ಚಿತ್ರವನ್ನು ನೋಡಿದ್ದೇ, ಚಿತ್ರದಲ್ಲಿ ವರ್ಣಫಲಕವಿತ್ತೇ, ಪರದೆಯನ್ನು ಯಾವ ಮಾನಕ್ಕೆ, ಎಂದು ಹೊಂದಿಸಲಾಗಿತ್ತು ಎಂಬ ವಿವರಗಳು ವರ್ಣನೆಯ ಜೊತೆಗೆ ಬರಬೇಕು. ಇವಿಲ್ಲದ ವರ್ಣವಿವರಣೆಯನ್ನು ಸೂಚನೆಯೆಂದು ಗೌರವಿಸಬಹುದು; ಅದರ ಬಲದಿಂದ ಪ್ರತಿಯೊಂದರ ಕಾಲವನ್ನು ನಿರ್ಧರಿಸುವುದು ಮಾತ್ರ ಸಾಧುವಲ್ಲ.