ವೈದ್ಯಪರೀಕ್ಷೆಗಳಲ್ಲಿ ತಾರತಮ್ಯವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆಸ್ಟಿಯೋಪಥಿ ವೈದ್ಯರಿಗೂ ಅಲೋಪಥಿ ವೈದ್ಯರಿಗೂ ಚಿಕಿತ್ಸೆಯ ಅಧಿಕಾರವು ಸಮಾನ. ೧೮೯೨ರಲ್ಲಿ ಆಂಡ್ರೂ ಟೇಲರ್ ಸ್ಟಿಲ್ ಕರ್ಕ್ಸ್‌ವಿಲ್ಲಿನಲ್ಲಿ ತೆರೆದ ಪಾಠಶಾಲೆಯೇ ಮೊದಲಿನವರ ಶಿಕ್ಷಣಕ್ಕೆ ಮೂಲ. ತಜ್ಞಮಂಡಲಿಗಳ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣದಿಂದಲೇ ಈ ಎರಡು ಪಾಠಕ್ರಮಗಳ ಮೇಲುಕೀಳನ್ನು ನಿರ್ಣಯಿಸುವವರ ಹೇತುವು ಸೋಪಾಧಿಕವಾದುದು. ಬೆಂಕಿಯಿಂದ ಹೊಗೆಯನ್ನು ಅನುಮಾನಿಸುವಲ್ಲಿ ಹಸಿಸೌದೆಯು ಹೇಗೋ, ಇಲ್ಲಿ ಪದವಿಯ ತರುವಾಯ ಆಸ್ಪತ್ರೆಯಲ್ಲಿ ದೊರೆತ ಶಿಕ್ಷಣವು ಹಾಗೆ ಉಪಾಧಿ. ಮೇಲಾಗಿ ಆಸ್ಟಿಯೋಪಥಿಯವರಿಗೆ ತಮ್ಮವೇ ಆದ ಮಂಡಲಿಗಳೂ ಉಂಟು. ಅವನ್ನು ಬಿಟ್ಟು ಇತರ ಮಂಡಲಿಯ ಪರೀಕ್ಷೆಗೆ ಕುಳಿತವರು ಇಡೀ ವರ್ಗದ ಪ್ರತಿನಿಧಿಗಳೆಂಬುದು ಅಸಿದ್ಧ. ಪಕ್ಷವೇ ಹೀಗೆ ಜಾರಿದಮೇಲೆ ಶೇಕಡಾವಾರು ಲೆಕ್ಕದಿಂದೇನು? ೨೦೨೦ರ ವೇಳೆಗೆ ಇಬ್ಬರ ಆಸ್ಪತ್ರೆಶಿಕ್ಷಣವೂ ಒಂದೇ ಮಾನ್ಯತಾಸಂಸ್ಥೆಗೆ ಒಳಪಟ್ಟಿತು. ಅದರ ಹಿಂದಿನ ಫಲಿತಾಂಶಗಳನ್ನು ಮುಂದಿನವುಗಳೊಡನೆ ಬೆರಸಿ, ಆ ಬಲದಿಂದ ಒಬ್ಬ ವೈದ್ಯನನ್ನು ಆಸ್ಪತ್ರೆಯ ಹುದ್ದೆಗೆ ಅನರ್ಹನೆನ್ನುವುದು ಅನ್ಯಾಯ.