ಹಳೆಯ ಫಾಂಟುಗಳು, ಹೊಸ ಅಪಪಾಠಗಳು

ಓಲೆಗರಿಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆಗೆ ಡಿ. ಎಲ್. ನರಸಿಂಹಾಚಾರ್ಯರು ಕನ್ನಡದಲ್ಲಿ ಶಾಸ್ತ್ರದ ರೂಪ ಕೊಟ್ಟರು. ಆ ವಿದ್ಯೆ ಹಳಗನ್ನಡ ಕಾವ್ಯಗಳಿಗಷ್ಟೇ ಬೇಕೆಂದು ತಿಳಿದವರು ಈಚೆಗೆ ಮರುಮುದ್ರಣಗೊಳ್ಳುತ್ತಿರುವ ಕಥೆ, ಕಾದಂಬರಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಪುಸ್ತಕಗಳಲ್ಲಿಯೂ ಅಪಪಾಠಗಳು ಹುಟ್ಟುತ್ತಿವೆ. ಇಲ್ಲಿ ಲಿಪಿಕಾರನು ಮನುಷ್ಯನಲ್ಲ, ಗಣಕಯಂತ್ರ.

ಕಾರಣ ಸರಳವಾದುದು. ಗಣಕಯಂತ್ರ ನಮ್ಮ ಅಚ್ಚುಮನೆಗಳಿಗೆ ಬಂದಾಗ ಅದರ ಫಾಂಟಿನಲ್ಲಿ ಇದ್ದುದು 256 ಮನೆಗಳು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಸುವಂತಿರಲಿಲ್ಲ. ಆದ್ದರಿಂದ ಅಕ್ಷರಗಳನ್ನು ತುಂಡುಮಾಡಿ, ತಲೆಕಟ್ಟು, ಕೊಂಬು, ಒತ್ತುಗಳನ್ನು ಐರೋಪ್ಯ ಚಿಹ್ನೆಗಳ ಮನೆಗಳಲ್ಲಿ ಕೂರಿಸಿದರು. ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ, ಯಂತ್ರದ ಮಟ್ಟಿಗೆ ಅಲ್ಲಿರುವುದು ಇಂಗ್ಲಿಷಿನ ‘ಪಿ’, ಪೌಂಡ್ ಹಣದ ಗುರುತು, ಜರ್ಮನ್ ಭಾಷೆಯದೊಂದು ಅಕ್ಷರ ಇತ್ಯಾದಿ, ಕನ್ನಡವೊಂದೇ ಇಲ್ಲ! ಫಾಂಟು ಕಳೆದರೆ ಪಠ್ಯವೂ ಕಳೆಯಿತು.

ಇದನ್ನು ಕಟ್ಟಿದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೆ. ಪಿ. ರಾವ್, ‘ಬರಹ’ದ ಶೇಷಾದ್ರಿವಾಸು, ಕನ್ನಡ ಗಣಕ ಪರಿಷತ್ತಿನವರು ಇಲ್ಲದಿದ್ದರೆ ನಮಗೆ ಅಷ್ಟೂ ಇರುತ್ತಿರಲಿಲ್ಲ. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೂ, ಅಚ್ಚುಮನೆಗಳು ನೆಚ್ಚಿದ್ದ ಪೇಜ್‌ಮೇಕರ್ 2001ರ ಕೊನೆಯ ಆವೃತ್ತಿಯವರೆಗೂ ಅದನ್ನು ಅರಿಯಲಿಲ್ಲ. ಇನ್‌ಡಿಸೈನ್ ಕನ್ನಡಕ್ಕೆ ಒಗ್ಗಿದ್ದು 2012ರಲ್ಲಿ. ಈ ನಡುವೆ ಅಚ್ಚಾದುದೆಲ್ಲ ಹಳೆಯ ಫಾಂಟುಗಳಲ್ಲಿಯೇ ಉಳಿಯಿತು. 2023ರ ಜನವರಿಯಲ್ಲಿ ಅಡೋಬಿ ಸಂಸ್ಥೆ ಟೈಪ್ 1 ಎಂಬ ಹಳೆಯ ಫಾಂಟು ಬಗೆಗೆ ತನ್ನ ಬೆಂಬಲವನ್ನೇ ನಿಲ್ಲಿಸಿತು.

ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದರಾಯಿತಲ್ಲ ಎನ್ನಬಹುದು. ಅಪಪಾಠ ಹುಟ್ಟುವುದು ಅಲ್ಲಿಯೇ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಅನಂತರ ನಿಲ್ಲುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು. ಪರಿವರ್ತಕ ಇದನ್ನರಿಯದಿದ್ದರೆ ‘ಕರ್ನಾಟಕ’ ‘ಕನಾರ್ಟಕ’ವಾಗುತ್ತದೆ. ಅದು ಕಣ್ಣಿಗೆ ಬೀಳುವ ತಪ್ಪು. ಒತ್ತು ಕಳಚಿ ‘ಕತ್ತೆ’ ‘ಕತೆ’ಯಾದರೆ ಹಿಡಿಯುವವರು ಯಾರು?

ನಮ್ಮ ಸಿಂಧನೂರು, ಮಸ್ಕಿ ಸೀಮೆಯ ಬರಹಗಾರರಿಗೆ ಅಪಾಯ ಇನ್ನೂ ಹೆಚ್ಚು. ವಳಕಮದಿನ್ನಿಯಂತಹ ಊರಿನ ಮಾತು ಕತೆಯಲ್ಲಿ ಬಂದಾಗ, ‘ಬರ್ತೀನಿ’ ‘ಬತೀರ್ನಿ’ಯಾದುದನ್ನು ದೂರದ ಕರಡು ತಿದ್ದುವವರು ಇದೂ ಆ ಕಡೆಯ ಆಡುಮಾತಿರಬೇಕೆಂದು ಬಿಟ್ಟುಬಿಡಬಹುದು; ಇಲ್ಲವೇ ‘ಬರುತ್ತೇನೆ’ ಎಂದು ತಿದ್ದಿ ಮಾತಿನ ಜೀವವನ್ನೇ ತೆಗೆಯಬಹುದು. ದೊಡ್ಡ ಲೇಖಕರ ಕೃತಿಗಳಿಗೆ ಸಂಪಾದಕರು ದೊರೆತಾರು. ಕೆಲವೇ ನೂರು ಪ್ರತಿ ಅಚ್ಚಾದ ಪುಸ್ತಕಕ್ಕೆ ದಿಕ್ಕು ಯಾರು?

ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದನ್ನು ಓದಲು ಸಾಧ್ಯವಾದುದು, 1837ರಲ್ಲಿಯೇ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟನ್ನು ಬಿಡಿಸಿದ್ದರಿಂದ. ಬಂಡೆಯಲ್ಲಿ ಅಕ್ಷರವಾದರೂ ಉಳಿದಿತ್ತು; ನಮ್ಮ ಕಡತಗಳಲ್ಲಿ ಅದೂ ಇಲ್ಲ.

ಆದ್ದರಿಂದ ಪರಿವರ್ತನೆಯನ್ನು ಗುಮಾಸ್ತಿಕೆಯೆಂದು ಪ್ರಕಾಶಕರು ತಿಳಿಯಬಾರದು, ಅದು ಗ್ರಂಥಸಂಪಾದನೆ. ಮೊದಲ ಮುದ್ರಣದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಆ ಭಾಷೆ ಬಲ್ಲವರಿಂದ ಸಾಲು ಸಾಲಾಗಿ ಹೋಲಿಸಿ ನೋಡಿಸಬೇಕು. ಲೇಖಕರು ಬದುಕಿರುವಾಗಲೇ ಈ ಕೆಲಸ ನಡೆದರೆ ಮುಂದಿನ ಸಂಪಾದಕರು ಊಹೆಗೆ ಕೈಹಾಕಬೇಕಾಗುವುದಿಲ್ಲ.