ಯಾರೂ ಬಾರದ ಹೊತ್ತಿನ ಗದ್ದಲ

ದೀಪಾವಳಿ ಹತ್ತಿರ ಬಂತೆಂದರೆ ಪತ್ರಿಕೆಗಳ ಪುರವಣಿಯಲ್ಲಿ ಗೂಬೆಯ ಲೇಖನವೊಂದು ಖಾಯಂ. ಗೂಬೆ ಅಪಶಕುನವಲ್ಲ, ಅದು ರೈತನ ಗೆಳೆಯ, ಲಕ್ಷ್ಮಿಯ ವಾಹನ ಎಂಬ ಮೂರು ಮಾತು, ಜೊತೆಗೊಂದು ಚಿತ್ರ. ಈಚೆಗೆ ಅದರ ಬಾಲಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: ಮಕ್ಕಳ ತಲೆಯಿಂದ ಮೂಢನಂಬಿಕೆ ತೊಲಗಬೇಕೇ, ಹೊರದೇಶದ ಗೂಬೆಗೂಡುಗಳ ನೇರಪ್ರಸಾರ ತೋರಿಸಿ. ಅದು ಕಾಡಿಗೆ ತೆರೆದ ಕಿಟಕಿಯಂತೆ, ಕತ್ತರಿ ಬೀಳದ ಸತ್ಯವಂತೆ, ತಾಯಿಪ್ರೀತಿಯ ಪಾಠವಂತೆ.

ಈ ಹೊಗಳಿಕೆಯ ಬಗ್ಗೆ ನನಗೆ ತಕರಾರಿದೆ. ನೇರಪ್ರಸಾರ ಕೆಟ್ಟದ್ದೆಂದು ನನ್ನ ವಾದವಲ್ಲ. ಅದರಲ್ಲಿ ಯಾವುದಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೋ ಅದೇ ಅದರ ತೀರ ಬಡ ಭಾಗ. ಬೇಸರವೆಂದು ಬೆರಳಿನಿಂದ ಮುಂದಕ್ಕೆ ಜಾರಿಸಿಬಿಡುವ ಗಂಟೆಗಳಲ್ಲೇ ಅದರ ಸಂಪತ್ತು ಇರುವುದು.

ಹಿನ್ನೆಲೆ ಬಹುಮಂದಿಗೆ ಗೊತ್ತಿದ್ದದ್ದೇ. 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನ ಒಂದು ಮನೆಯ ಹಿತ್ತಲ ಪೆಟ್ಟಿಗೆಯಲ್ಲಿ ಕಣಜ ಗೂಬೆಯೊಂದು ಮೊಟ್ಟೆಯಿಟ್ಟಿತು. ಹೆಣ್ಣಿಗೆ ಮಾಲಿ, ಗಂಡಿಗೆ ಮೆಗೀ ಎಂದು ಹೆಸರಾಯಿತು. ಲಕ್ಷಾಂತರ ಜನ ಮುಗಿಬಿದ್ದು ನೋಡಿದರು. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯವು ಜಾರ್ಜಿಯಾದ ಸವಾನಾ ಬಳಿಯ ಸ್ಕಿಡವೇ ದ್ವೀಪದ ಗೂಡೊಂದನ್ನು ತೋರಿಸಿತು. ಬಿಳಿತಲೆಯ ಹದ್ದು ಬಿಟ್ಟುಹೋಗಿದ್ದ ಆ ಗೂಡು ಎತ್ತರದ ಪೈನ್ ಮರದಲ್ಲಿತ್ತು. ಅಲ್ಲಿ ದೊಡ್ಡ ಕೊಂಬಿನ ಗೂಬೆಗಳು ಸಂಸಾರ ಹೂಡಿದ್ದವು. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಚಿತ್ರಕಾರ ರಾಬರ್ಟ್ ಫುಲ್ಲರ್ ತಮ್ಮ ಸುತ್ತಲಿನ ಗೂಬೆಗಳ ಗೂಡುಗಳಿಗೆ ಕ್ಯಾಮೆರಾ ಕೂರಿಸಿ ಅದನ್ನೊಂದು ಕಸುಬಾಗಿಯೇ ಬೆಳೆಸಿದ್ದಾರೆ.

ನಮ್ಮ ಊರು ಮಹಾಲಿಂಗಪುರದಲ್ಲಿ ಕೂತು ನೋಡುವವರಿಗೆ ಇಲ್ಲಿ ಒಂದು ವಿಚಿತ್ರ ಅನುಕೂಲವಿದೆ. ಸವಾನಾದ ಗಡಿಯಾರ ಬೇಸಿಗೆಯಲ್ಲಿ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಇಲ್ಲಿ ಮುಂಜಾನೆ 6ಕ್ಕೆ ಚಹಾ ಕುದಿಯುವಾಗ ಅಲ್ಲಿ ರಾತ್ರಿ ಎಂಟೂವರೆ, ಗೂಬೆಯ ದಂಧೆ ಶುರುವಾಗುವ ಹೊತ್ತು. ನಿದ್ದೆಗೆಡದೆ ಗೂಬೆ ನೋಡುವ ಭಾಗ್ಯ ನಮಗೆ. ಆದರೆ ಚಹಾಕ್ಕೂ ಜಳಕಕ್ಕೂ ನಡುವಿನ ಹತ್ತು ನಿಮಿಷದಲ್ಲಿ ನೋಡುವವನಿಗೆ ಆ ಹತ್ತು ನಿಮಿಷದೊಳಗೇ ಏನಾದರೂ ನಡೆಯಬೇಕು. ನಡೆಯದಿದ್ದರೆ ನಿನ್ನೆ ನಡೆದದ್ದರ ತುಣುಕು ಸಿಕ್ಕರೂ ಸಾಕು. ರೋಗದ ಮೂಲ ಇದು.

ಸವಾನಾದ ಚೌಕಟ್ಟು ಚೆಲುವಾದದ್ದು. ತೆರೆದ ಗೂಡು, ಹಗಲ ಬಣ್ಣ, ಮಳೆಯಲ್ಲಿ ನೆನೆಯುತ್ತ ಕೂತ ತಾಯಿ. ಹೊಗಳಿಕೆಯೆಲ್ಲ ಇಂಥ ದೃಶ್ಯಗಳಿಗೇ ಹೋಗುತ್ತದೆ. ಕಣಜ ಗೂಬೆಯ ಪೆಟ್ಟಿಗೆಯಲ್ಲಿ ಈ ಬೆಡಗಿಲ್ಲ. ನಾಲ್ಕು ಹಲಗೆ, ನೆಲದ ಮೇಲೆ ಗೂಬೆಗಳು ಉಗುಳಿದ ಕೂದಲು-ಎಲುಬಿನ ಉಂಡೆಗಳು, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಮೂಡುವ ಕಪ್ಪು-ಬಿಳುಪು ಚಿತ್ರ, ಅದರಲ್ಲಿ ಫಳಕ್ಕೆಂದು ಹೊಳೆಯುವ ಕಣ್ಣುಗಳು. ನನ್ನ ವಾದ ನಿಂತಿರುವುದು ಈ ಕೊಳಕು ಪೆಟ್ಟಿಗೆಯ ಮೇಲೆ.

ಒಂದು ಸಾಮಾನ್ಯ ರಾತ್ರಿಯನ್ನು ತೆಗೆದುಕೊಳ್ಳೋಣ. ಮರಿಗಳು ತುಸು ಬೆಳೆದಿವೆ, ತಾಯಿಯೂ ಬೇಟೆಗೆ ಹೋಗತೊಡಗಿದ್ದಾಳೆ. ಪೆಟ್ಟಿಗೆಯಲ್ಲಿ ಮರಿಗಳು ಮಾತ್ರ. ಒಂದರಂತೆ ಒಂದಿಲ್ಲ. ಕಣಜ ಗೂಬೆ ಎರಡು-ಮೂರು ದಿನಕ್ಕೊಂದರಂತೆ ಮೊಟ್ಟೆಯಿಡುತ್ತದೆ, ಮೊದಲ ಮೊಟ್ಟೆ ಇಟ್ಟಾಗಲೇ ಕಾವಿಗೆ ಕೂಡುತ್ತದೆ. ಹೀಗಾಗಿ ಒಂದೇ ಗೂಡಿನಲ್ಲಿ ಹೃದಯಾಕಾರದ ಮುಖ ಆಗಲೇ ಮೂಡಿದ ಹಿರಿಯವನೂ ಇರುತ್ತಾನೆ, ಇನ್ನೂ ಕತ್ತು ನಿಲ್ಲದ ಕಿರಿಯವನೂ ಇರುತ್ತಾನೆ. ತಂದೆತಾಯಿ ಹೊರಗಿದ್ದಾರೆ. ತೆರೆಯ ಮೇಲೆ ಏನೂ ನಡೆಯುತ್ತಿಲ್ಲ. ಒಂದು ಮರಿ ರೆಕ್ಕೆ ಕೆದರುತ್ತದೆ, ಇನ್ನೊಂದು ತಲೆ ಓಲಾಡಿಸುತ್ತದೆ, ಅಷ್ಟೇ. ಆದರೆ ಧ್ವನಿ ಮುಚ್ಚದಿದ್ದವರಿಗೆ ಗೊತ್ತು, ಪೆಟ್ಟಿಗೆ ತುಂಬ ಗದ್ದಲ. ತೂತು ಬಿದ್ದ ಸೈಕಲ್ ಟ್ಯೂಬಿನಂತೆ ಒಂದೊಂದು ಮರಿಯೂ ಸುಯ್ ಎನ್ನುತ್ತಿರುತ್ತದೆ. ಒಂದು ನಿಲ್ಲಿಸಿದರೆ ಇನ್ನೊಂದು ಶುರು. ನೋಡುಗರು ಇದನ್ನು ಹಸಿವಿನ ಅಳು ಎನ್ನುತ್ತಾರೆ. ಪಾಪ, ಅಮ್ಮ ಎಲ್ಲಿ ಎಂದು ಮರುಗುತ್ತಾರೆ. ಬಹಳಷ್ಟು ಜನ ಧ್ವನಿಯನ್ನೇ ಆರಿಸಿಬಿಡುತ್ತಾರೆ.

ಆದರೆ ಕೇಳುವ ತಂದೆತಾಯಿ ಹತ್ತಿರದಲ್ಲೇ ಇಲ್ಲದಿರುವಾಗ ಅಳುವುದಾದರೂ ಯಾರಿಗಾಗಿ? ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ರೂಲಾಂ ಕಣಜ ಗೂಬೆಗಳ ಬೆನ್ನು ಹತ್ತಿ ದಶಕಗಳನ್ನೇ ಕಳೆದವರು. ಪೆಟ್ಟಿಗೆಗಳಲ್ಲಿ ಚಿತ್ರ ಮತ್ತು ಧ್ವನಿ ಹಿಡಿದು ಅವರೂ ಅವರ ಸಂಗಡಿಗರೂ ಕಂಡುಕೊಂಡದ್ದು ಇದು: ಆ ಕೂಗು ಮರಿಗಳು ಪರಸ್ಪರರಿಗೇ ಹಾಕುವ ಕೂಗು. ಬರುವ ಇಲಿ ಒಂದೇ. ಅದನ್ನು ಒಂದೇ ಮರಿ ಇಡಿಯಾಗಿ ನುಂಗುತ್ತದೆ, ಹಂಚಿಕೊಳ್ಳಲು ಬರುವುದಿಲ್ಲ. ಮುಂದಿನ ಇಲಿ ಯಾರ ಪಾಲಿಗೆ ಎಂಬ ಚೌಕಾಶಿ ಅದು ಬರುವ ಮೊದಲೇ ನಡೆಯುತ್ತದೆ. ಹೆಚ್ಚು ಹಸಿದವನು ಹೆಚ್ಚು ಕೂಗುತ್ತಾನೆ. ಹೊಟ್ಟೆ ತುಂಬಿದವನು ಅದನ್ನು ಕೇಳಿ ದನಿ ತಗ್ಗಿಸುತ್ತಾನೆ, ಇಲಿ ಬಂದಾಗ ಮೇಲೆ ಬೀಳದೆ ಸುಮ್ಮನಿರುತ್ತಾನೆ. ಒಬ್ಬರ ಕೂಗಿನ ಮೇಲೆ ಇನ್ನೊಬ್ಬರದು ಬೀಳದಂತೆ ಸರದಿ ಕಾಯುವುದೂ ಇದೆ. ಹಿರಿಯ ಮರಿ ತನ್ನ ಪಾಲನ್ನು ಕಿರಿಯದಕ್ಕೆ ಉಣಿಸುವುದನ್ನೂ ಅವರು ದಾಖಲಿಸಿದ್ದಾರೆ.

ಈಗ ಎಲ್ಲರೂ ಹಂಚಿಕೊಳ್ಳುವ ತುಣುಕಿಗೆ ಬರೋಣ. ಬಾಗಿಲಲ್ಲಿ ಬಿಳಿಯ ಮಿಂಚು, ಕೊಕ್ಕಿನಲ್ಲಿ ಇಲಿ, ಮರಿಗಳ ನುಗ್ಗಾಟ, ಒಂದರ ಬಾಯಿಯಿಂದ ಜೋತುಬಿದ್ದ ಬಾಲ. ಕೆಲವೇ ಸೆಕೆಂಡು. ಈ ತುಣುಕು ನೋಡಿದವನಿಗೆ ಏನನ್ನಿಸುತ್ತದೆ? ಬಲ ಇದ್ದವ ಕಿತ್ತುಕೊಂಡ ಎಂದು. ಹಿಂದಿನ ಒಂದು ಗಂಟೆ ಕೇಳಿದವನಿಗೆ ಬೇರೆಯೇ ಕಥೆ ಗೊತ್ತಿರುತ್ತದೆ. ಅಲ್ಲಿ ಪಂಚಾಯಿತಿ ಆಗಲೇ ಮುಗಿದಿದೆ, ಈಗ ಜಾರಿಯಾಗಿದೆ, ಅಷ್ಟೇ. ತೀರ್ಮಾನವನ್ನು ಬಿಟ್ಟು ಜಾರಿಯನ್ನಷ್ಟೇ ತೋರಿಸಿದಾಗ ಒಡಹುಟ್ಟಿದವರ ಒಪ್ಪಂದವು ದೊಂಬಿಯಾಗಿ ಕಾಣುತ್ತದೆ. ತುಣುಕು ನೇರಪ್ರಸಾರವನ್ನು ಚಿಕ್ಕದು ಮಾಡುತ್ತದೆ ಎಂದಷ್ಟೇ ದೂರಿದರೆ ಸಾಲದು, ಅದು ಅರ್ಥವನ್ನೇ ತಿರುಚುತ್ತದೆ. ಕತ್ತರಿ ಬೀಳದ ಸತ್ಯ ಎಂದು ಹೊಗಳುವವರು ತಮ್ಮ ಬೆರಳೇ ಕತ್ತರಿ ಎಂಬುದನ್ನು ಮರೆಯುತ್ತಾರೆ.

ಧ್ವನಿ ಆರಿಸುವುದಂತೂ ಈ ಹಕ್ಕಿಯ ವಿಷಯದಲ್ಲಿ ದೊಡ್ಡ ಅಪಚಾರ. ಗಾಢ ಕತ್ತಲೆಯಲ್ಲಿ ಬರೀ ಕಿವಿಯಿಂದಲೇ ಕಣಜ ಗೂಬೆ ಇಲಿ ಹಿಡಿಯಬಲ್ಲದು ಎಂದು ಅಮೆರಿಕದ ರೋಜರ್ ಪೇನ್ ಪ್ರಯೋಗ ಮಾಡಿ ತೋರಿಸಿದ್ದರು. ಅದರ ಎರಡು ಕಿವಿಗಳು ಸಮ ಎತ್ತರದಲ್ಲಿಲ್ಲ. ಸದ್ದು ಮೇಲಿನದೋ ಕೆಳಗಿನದೋ ಎಂಬುದು ಅದಕ್ಕೆ ಆ ವ್ಯತ್ಯಾಸದಿಂದ ತಿಳಿಯುತ್ತದೆ. ಮುಖದ ಆ ತಟ್ಟೆಯೇ ಸದ್ದು ಹಿಡಿಯುವ ಬೋಗುಣಿ. ನಾವು ಅದರ ‘ಮುದ್ದು ಮುಖ’ ಎಂದು ಚಿತ್ರ ಹಿಡಿಯುವುದು ಅಸಲಿಗೆ ಒಂದು ಕಿವಿಯನ್ನು.

ಇನ್ನು ನಮ್ಮವರ ಮಾತುಗಳು. ಮೊದಲ ಗುಂಪು ಕ್ಯಾಮೆರಾ ಹೆಗಲಿಗೇರಿಸಿ ತಿರುಗುವ ಹಕ್ಕಿಪ್ರಿಯರದು. ಮನೆಯಲ್ಲಿ ಕೂತು ನೋಡುವುದು ಪಕ್ಷಿವೀಕ್ಷಣೆಯೇ ಅಲ್ಲ, ಬೆವರು ಹರಿಸಿ ನೋಡಬೇಕು ಎನ್ನುತ್ತಾರೆ. ನಮ್ಮ ಬೆವರಿನಿಂದ ಗೂಬೆಗೆ ಏನು ಲಾಭವೋ ತಿಳಿಯದು. ಮೊಟ್ಟೆಯಿಡುವ ಹಂಗಾಮಿಗೆ ಮೊದಲೇ ಕೂರಿಸಿದ ಕ್ಯಾಮೆರಾ ಆಮೇಲೆ ಅಲುಗುವುದಿಲ್ಲ. ಗೂಡಿನ ಪೊಟರೆಗೆ ಟಾರ್ಚು ಬಿಡುವವರು, ಮರಿ ಇಣುಕಲೆಂದು ಮರ ತಟ್ಟುವವರು, ಫ್ಲ್ಯಾಶು ಹೊಡೆಯುವವರು ಬೆವರು ಹರಿಸಿದವರೇ. ತೇಜಸ್ವಿಯವರ ‘ಹಕ್ಕಿಪುಕ್ಕ’ದಿಂದ ಹಕ್ಕಿಗಳತ್ತ ತಿರುಗಿದ ಕನ್ನಡದ ಓದುಗರು ಸಾವಿರಾರು. ಆದರೆ ಅವರ ಹಿಂದೆ ಬಂದ ನಮ್ಮ ಹಕ್ಕಿಬರಹ ಬಹುಪಾಲು ಕಣ್ಣಿನ ಬರಹವಾಗಿ, ಚಿತ್ರಕ್ಕೆ ಅಡಿಬರಹವಾಗಿ ಉಳಿಯಿತು. ಕತ್ತಲ ಹಕ್ಕಿಯೊಂದು ಕೂಗಿದರೆ ಏನು ಬರೆಯಬೇಕೆಂಬುದೇ ಅದಕ್ಕೆ ತೋಚದು. ಆ ಕೊರತೆಗೆಲ್ಲ ನೇರಪ್ರಸಾರದ ಮೇಲೆ ಗೂಬೆ ಕೂರಿಸಿದರೆ ಹೇಗೆ?

ಎರಡನೆಯ ಗುಂಪು ಮೂಢನಂಬಿಕೆ ಕಳೆಯಹೊರಟವರದು. ಇವರೊಂದಿಗೆ ನನ್ನ ಜಗಳ ಹೆಚ್ಚು. ನಮ್ಮ ಭಾಗದಲ್ಲಿ ನಸುಕಿನಲ್ಲಿ ಬುಡಬುಡಿಕೆ ಆಡಿಸುತ್ತ ಓಣಿಗೆ ಬರುವವನು ಹಾಲಕ್ಕಿ ನುಡಿದದ್ದನ್ನು ಮನೆಮನೆಗೆ ಹೇಳುತ್ತಾನೆ. ಹಾಲಕ್ಕಿ ಎಂದರೆ ಹುಣಸೆ-ಬೇವಿನ ಪೊಟರೆಗಳಲ್ಲಿ, ಹಳೆಯ ವಾಡೆ-ಹುಡೇವುಗಳ ಸಂದಿಯಲ್ಲಿ ವಾಸಿಸುವ ಪುಟ್ಟ ಚುಕ್ಕೆಗೂಬೆ. ಅವನು ಹೇಳುವ ಭವಿಷ್ಯ ಅವನದೇ ಕಟ್ಟುಕಥೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಗೂಬೆಯ ದನಿಗೆ ಕಿವಿಗೊಡುವ ಒಂದು ರೂಢಿಯನ್ನಾದರೂ ಅವನ ಕಸುಬು ಉಳಿಸಿಕೊಂಡಿತ್ತು. ಹಕ್ಕಿ ಏನೋ ಹೇಳುತ್ತಿದೆ, ಅದು ನಮಗೆ ನೇರವಾಗಿ ತಿಳಿಯದು ಎಂಬ ವಿನಯ ಅದರಲ್ಲಿತ್ತು. ನೇರಪ್ರಸಾರದ ಪಕ್ಕದ ಹರಟೆಯಲ್ಲಿ ಆ ವಿನಯವೂ ಇಲ್ಲ. ಎಲ್ಲರಿಗೂ ಎಲ್ಲ ತಿಳಿದಿರುತ್ತದೆ. ತಾಯಿ ಮುತ್ತಿಡುತ್ತಿದ್ದಾಳೆ, ತಂದೆ ಸೋಮಾರಿ, ಹಿರಿಯವನು ತುಂಟ. ಅಲ್ಲಿ ಭವಿಷ್ಯ ಕಟ್ಟಿದರು, ಇಲ್ಲಿ ಸಂಸಾರದ ಧಾರಾವಾಹಿ ಕಟ್ಟುತ್ತಾರೆ.

ಭಯ ಹೋಗಿ ಮುದ್ದು ಬಂದರೆ ಗೂಬೆ ಉಳಿದುಕೊಂಡಿತು ಎಂಬ ಲೆಕ್ಕವೂ ತಪ್ಪು. 2010ರ ನವೆಂಬರ್‌ನಲ್ಲಿ ಟ್ರಾಫಿಕ್ ಇಂಡಿಯಾ ಗೂಬೆಗಳ ಕಳ್ಳವ್ಯಾಪಾರದ ವರದಿ ಹೊರತಂದಿತು. ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಸಿದ್ಧಪಡಿಸಿದ ಆ ವರದಿಯ ಪ್ರಕಾರ ದೇಶದ 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಮಾರಾಟವಾಗುತ್ತಿದ್ದವು. ಮಾಟಮಂತ್ರಕ್ಕೆ, ದೀಪಾವಳಿಯ ಬಲಿಗೆ ಗೂಬೆ ಕೊಳ್ಳುವವರು ಅದನ್ನು ಕಂಡು ಓಡಿಹೋಗುವವರಲ್ಲ, ಅದಕ್ಕೆ ಬೆಲೆ ಕಟ್ಟುವವರು. ಅದೇ ಸಂದರ್ಭದಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಇನ್ನೊಂದು ಕಡೆಗೂ ಬೊಟ್ಟು ಮಾಡಿದರು: ಹ್ಯಾರಿ ಪಾಟರ್ ಕಥೆಗಳಿಂದಾಗಿ ಪಟ್ಟಣದ ಮಧ್ಯಮ ವರ್ಗದಲ್ಲಿ ಮಕ್ಕಳಿಗೆ ಗೂಬೆ ಉಡುಗೊರೆ ಕೊಡುವ ಹುಚ್ಚು ಹತ್ತಿದೆ ಎಂದು. ಮುದ್ದಿಗೂ ಸಂತೆಯಲ್ಲಿ ದರ ಇದೆ. ಭಯ ಕಳೆದ ಕೂಡಲೇ ಕೆಲಸ ಮುಗಿಯಿತೆನ್ನುವ ಲೇಖಕರು ಈ ಸಂತೆಯ ಕಡೆ ಮುಖ ಮಾಡಿಯೇ ಇಲ್ಲ.

ಮುದ್ದಿನ ಇನ್ನೊಂದು ಸೋಲು ಕಿರಿಯ ಮರಿಯ ವಿಷಯದಲ್ಲಿ. ಇಲಿ ಕಡಿಮೆಯಾದ ಕಾಲದಲ್ಲಿ ತುದಿಯ ಮರಿ ಸಾಯುತ್ತದೆ, ಸತ್ತ ಮರಿಯನ್ನು ಉಳಿದವು ತಿನ್ನುವುದೂ ಉಂಟು. ಇದು ಗೂಬೆಯ ಕ್ರೌರ್ಯವಲ್ಲ, ಅದರ ಆಯವ್ಯಯ. ಸುಗ್ಗಿ ಬಂದರೆ ಎಲ್ಲರೂ ಬದುಕಲಿ, ಬರ ಬಂದರೆ ಹಿರಿಯರಾದರೂ ಬದುಕಲಿ ಎಂದು ಮೊಟ್ಟೆಗಳ ನಡುವೆ ದಿನಗಳ ಅಂತರ ಇಟ್ಟಿದೆ. ನೋಡುಗರು ಆ ರಾತ್ರಿ ರೊಚ್ಚಿಗೇಳುತ್ತಾರೆ, ಯಾರಾದರೂ ಹೋಗಿ ಮರಿಯನ್ನು ಎತ್ತಿಕೊಳ್ಳಿ ಎನ್ನುತ್ತಾರೆ. ಆ ಮರಿ ಯಾಕೆ ಸತ್ತಿತು ಎಂದು ಕೇಳಿದ್ದರೆ ಗೂಡಿನಿಂದ ಹೊಲಕ್ಕೆ ಹೋಗಬೇಕಾಗುತ್ತಿತ್ತು. ಮುದ್ದು ಅಷ್ಟು ದೂರ ನಡೆಯುವುದಿಲ್ಲ.

ಹೊಲದ ಮಾತು ಬಂದರೆ ನಮ್ಮ ಊರಿಗೇ ಬರಬೇಕು. ಮಹಾಲಿಂಗಪುರ ಬೆಲ್ಲದ ಪೇಟೆ. ಘಟಪ್ರಭೆಯ ನೀರು, ಸಮೀರವಾಡಿಯ ಸಕ್ಕರೆ ಕಾರ್ಖಾನೆ, ಕಣ್ಣು ಹಾಯುವವರೆಗೂ ಕಬ್ಬು. ಕಬ್ಬು ಇದ್ದಲ್ಲಿ ಇಲಿ-ಹೆಗ್ಗಣ, ಅವು ಇದ್ದಲ್ಲಿ ಗೂಬೆ. ಕಬ್ಬು ಕಡಿದು ರವದಿಗೆ ಬೆಂಕಿ ಕೊಟ್ಟ ದಿನ ಇಲಿಗಳ ಸಂಸಾರ ದಿಕ್ಕಾಪಾಲು. ಹಂಗಾಮಿಗೆ ಮೊದಲು ಪಾಷಾಣ. ಬ್ರೋಮಾಡಿಯೋಲೋನ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ದಿನಗಟ್ಟಲೆ ಮಂಕಾಗಿ ಅಡ್ಡಾಡುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ, ವಿಷ ಗೂಬೆಯ ಪಿತ್ತಜನಕಾಂಗ ಸೇರುತ್ತದೆ. ಈ ಭಾಗದಲ್ಲಿ ಹೆಸರು ಮಾಡಿದ ಪ್ರಾಣಿಗಳೆಲ್ಲ ಹಗಲಲ್ಲಿ ಕಣ್ಣಿಗೆ ಬೀಳುವವು: ಮುಧೋಳ ನಾಯಿ, 2016ರಲ್ಲಿ ಯಡಹಳ್ಳಿಯಲ್ಲಿ ಧಾಮ ಪಡೆದ ಚಿಂಕಾರ. ರಾತ್ರಿಪಾಳಿಯ ಗೂಬೆಯ ಲೆಕ್ಕ ಇಟ್ಟವರಿಲ್ಲ.

ಈ ಲೆಕ್ಕವನ್ನು ಪೆಟ್ಟಿಗೆಯೊಳಗಿನ ಕ್ಯಾಮೆರಾ ಇಡಬಲ್ಲದು. ಅದರ ಚೌಕಟ್ಟು ಹೊಲವನ್ನು ತೋರಿಸುವುದಿಲ್ಲ ಎಂಬುದು ನಿಜ, ಕಾಡಿಗೆ ಕಿಟಕಿ ಎಂಬ ಹೊಗಳಿಕೆ ಅಲ್ಲಿಗೆ ಬಿದ್ದುಹೋಗುತ್ತದೆ. ಆದರೆ ರಾತ್ರಿಗೆ ಎಷ್ಟು ಇಲಿ ಬಂತು, ಯಾವ ಗಾತ್ರದ್ದು, ಪಾಷಾಣ ಇಟ್ಟ ವಾರ ಎಷ್ಟಕ್ಕಿಳಿಯಿತು, ಎರಡು ಬರವುಗಳ ನಡುವೆ ಮರಿಗಳ ಕೂಗು ಎಷ್ಟು ಏರಿತು ಎಂಬುದು ಅಲ್ಲಿ ದಾಖಲಾಗುತ್ತದೆ. ಹೊಲದ ಸ್ಥಿತಿಗತಿ ಗೂಡಿನೊಳಗೆ ಸದ್ದಾಗಿ ಬರುತ್ತದೆ. ಇದನ್ನು ಕೇಳಿಸಿಕೊಳ್ಳುವ ಕೃಷಿ ಕಾಲೇಜಿನ ವಿದ್ಯಾರ್ಥಿಗೋ ಕಬ್ಬಿನ ರೈತನಿಗೋ ಆ ನೀರಸ ರಾತ್ರಿಗಳು ತುಣುಕುಗಳಿಗಿಂತ ಹೆಚ್ಚು ಬೆಲೆಯವು.

ನಮ್ಮಲ್ಲಿ ಇದನ್ನು ಮಾಡಹೊರಟರೆ ಒಂದು ಕಟ್ಟುನಿಟ್ಟು ಬೇಕು. ಊರು, ಹೊಲ, ಮರ ಯಾವುದರ ಗುರುತೂ ಹೊರಬೀಳಬಾರದು. ಪ್ರಸಾರವನ್ನು ತಡಮಾಡಿ ಬಿಟ್ಟರೆ ಸಾಕೆಂಬವರಿದ್ದಾರೆ. ಮರಿಗಳು ಹಾರಲು ಸುಮಾರು ಎರಡು ತಿಂಗಳು ಬೇಕು, ಅಷ್ಟು ದಿನವೂ ಗೂಡು ಅಲ್ಲೇ ಇರುತ್ತದೆ. ಗಂಟೆಗಳ ತಡ ಕಳ್ಳನಿಗೆ ಯಾವ ಅಡ್ಡಿ? ಇಷ್ಟು ಬಚ್ಚಿಟ್ಟರೆ ಜನ ನೋಡುವುದಿಲ್ಲ, ಊರಿನ ಅಭಿಮಾನ ಹುಟ್ಟುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ನೇರ: ಹಾಗಾದರೆ ನೋಡುವುದು ಬೇಡ. ಗೂಬೆಗೆ ಅಭಿಮಾನಿಗಳ ಕೊರತೆ ಎಂದೂ ಇರಲಿಲ್ಲ, ಅದರ ಕಷ್ಟಗಳಲ್ಲಿ ಅರ್ಧ ಬಂದದ್ದೇ ಅವರಿಂದ. ಮರಿಗಳಿಗೆ ಹೆಸರಿಡದೆ, ಹರಟೆ ಮುಚ್ಚಿ, ಧ್ವನಿ ತೆರೆದು, ಏನೂ ನಡೆಯದ ಒಂದು ಗಂಟೆ ಕೂಡಬಲ್ಲವರು ಹತ್ತೇ ಜನ ಇದ್ದರೂ ನೇರಪ್ರಸಾರಕ್ಕೆ ಅರ್ಥವಿದೆ. ಅವರಿಲ್ಲದಿದ್ದರೆ ಲಕ್ಷ ಜನ ನೋಡಿದರೂ ಅದೊಂದು ಧಾರಾವಾಹಿ, ಪಾತ್ರಧಾರಿಗಳಿಗೆ ಸಂಬಳವಿಲ್ಲ ಎಂಬುದಷ್ಟೇ ವ್ಯತ್ಯಾಸ.